ಊಟದ ತಟ್ಟೆ, ಗೊಬ್ಬರಗುಂಡಿ: ಶಿರಸಿ ಸೀಮೆಯ ಲೆಕ್ಕ

ಜೈವಿಕ ಪ್ಲಾಸ್ಟಿಕ್ ತಟ್ಟೆಯನ್ನೂ ಮಾಮೂಲಿ ಪ್ಲಾಸ್ಟಿಕ್ ತಟ್ಟೆಯನ್ನೂ ಕಿಲೋ ಲೆಕ್ಕದಲ್ಲಿ ಹೋಲಿಸಿದರೆ ದಾರಿ ತಪ್ಪುತ್ತದೆ. ಅಳತೆಗೋಲು ‘ಒಬ್ಬರ ಒಂದು ಊಟ’ ಆಗಬೇಕು. ಥರ್ಮಾಕೋಲ್ ತಟ್ಟೆಯಲ್ಲಿ ಬಹುಪಾಲು ಗಾಳಿಯೇ. ಊಟದ ಲೆಕ್ಕಕ್ಕೆ ಅದಕ್ಕೆ ತಗಲುವ ಕಚ್ಚಾವಸ್ತು ಅತ್ಯಲ್ಪ. ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ಕಿನ ತಟ್ಟೆಯ ಖಾತೆಗಾದರೋ ಮೆಕ್ಕೆಜೋಳ ಇಲ್ಲವೇ ಕಬ್ಬು ಬೆಳೆದ ನೆಲ, ನೀರು, ಯೂರಿಯಾ ಎಲ್ಲವೂ ಬೀಳುತ್ತವೆ. ತಯಾರಿಕೆಯ ಹಂತದಲ್ಲಿ ಅದು ಸೋತರೂ ಅಚ್ಚರಿಯಿಲ್ಲ.

ನಿಜವಾದ ತಕರಾರು ಊಟ ಮುಗಿದ ಮೇಲಿನದು. ಪಿಎಲ್‌ಎ ಚೆನ್ನಾಗಿ ಕಳಿಯಲು ವಾರಗಟ್ಟಲೆ 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಮತ್ತು ತೇವ ಬೇಕು. ‘ಕಾಂಪೋಸ್ಟಬಲ್’ ಪ್ರಮಾಣಪತ್ರಕ್ಕೆ ಪರೀಕ್ಷೆ ನಡೆಯುವುದೂ ಅಂಥ ಬಿಸಿಯಲ್ಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಬೆಟ್ಟದ ಸೊಪ್ಪು, ದರಕು, ಸಗಣಿ ಬೀಳುವ ಗೊಬ್ಬರಗುಂಡಿ ಮಳೆಗಾಲದಲ್ಲಿ ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳದು. ಅಲ್ಲಿ ಪಿಎಲ್‌ಎ ನಡೆದುಕೊಳ್ಳುವುದು ಪ್ಲಾಸ್ಟಿಕ್ಕಿನಂತೆಯೇ. (ಕುದಿಯುವ ಸಾರು ಬಡಿಸಿದರೆ ಸಾದಾ ಪಿಎಲ್‌ಎ ಊಟದ ನಡುವೆಯೇ ಮೆತ್ತಗಾಗುತ್ತದೆ ಎಂಬುದು ಬೇರೆ ಮಾತು.) ಕಾನೂನು ಮಾತ್ರ ಪಿಎಲ್‌ಎ, ಮಾಮೂಲಿ ಪ್ಲಾಸ್ಟಿಕ್ ಎರಡನ್ನೂ ಬೇರೆಯಾಗಿ ಕಾಣುತ್ತದೆ: 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷಿದ್ಧ, ಪ್ರಮಾಣಿತ ಕಾಂಪೋಸ್ಟಬಲ್ ಸರಕಿಗೆ ವಿನಾಯಿತಿ. ಆದರೆ ಆ ವಿನಾಯಿತಿಗೆ ಅರ್ಥ ಬರಬೇಕಾದರೆ ಹತ್ತಿರದಲ್ಲಿ ಬಿಸಿ ಕಾಯ್ದುಕೊಳ್ಳುವ ಗೊಬ್ಬರ ಘಟಕವೂ, ಅಲ್ಲಿಗೆ ಎಂಜಲು ತಟ್ಟೆಯನ್ನು ಬೇರ್ಪಡಿಸಿ ಸಾಗಿಸುವ ಏರ್ಪಾಡೂ ಬೇಕು.

ಈ ಸೀಮೆಯಲ್ಲಿ ಹೋಲಿಕೆಗೆ ಮೂರನೆಯದನ್ನು ಸೇರಿಸದೆ ವಿಧಿಯಿಲ್ಲ: ಅಡಿಕೆ ಹಾಳೆಯ ತಟ್ಟೆ. ತಾನಾಗಿ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ಆಯಿತು. ಅಂಟು, ಲೇಪ ಬೇಡ. ಗುಂಡಿಗೆ ಬಿದ್ದರೆ ಸೊಪ್ಪಿನೊಡನೆ ಕಳಿಯುತ್ತದೆ. ಹಾಗೆಂದು ಅದು ನಿರ್ದೋಷಿಯಲ್ಲ. ಅಚ್ಚಿಗೆ ವಿದ್ಯುತ್ತೋ ಗ್ಯಾಸೋ ಬೇಕು. ಒಣಗಿಸದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ದನದ ಮೇವಿಗೂ ತೋಟದ ಮುಚ್ಚಿಗೆಗೂ ಸಿಗುತ್ತಿದ್ದ ಹಾಳೆ ಕೈತಪ್ಪುತ್ತದೆ. ಅಡಿಕೆಯ ಆಲ್ಕಲಾಯ್ಡ್ ಆಹಾರಕ್ಕೆ ಇಳಿಯಬಹುದೆಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಈ ತಟ್ಟೆಗಳ ಆಮದಿಗೆ ತಡೆ ಒಡ್ಡಿತು. ಆ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಬಿಸಿ, ಹುಳಿ, ಎಣ್ಣೆ ಪದಾರ್ಥ ಬಡಿಸಿ ಮಾಡುವ ಪ್ರಯೋಗದಿಂದ, ಜಾಹೀರಾತಿನಿಂದಲ್ಲ.

ಇನ್ನು ಅಡಿಕೆ ತೋಟ ಪರಿಸರಕ್ಕೆ ಹಾಕುವ ಹೊರೆಯಲ್ಲಿ ಹಾಳೆಯ ಪಾಲೆಷ್ಟು? ಉಪ ಉತ್ಪನ್ನವೆಂದು ಸೊನ್ನೆ ಬರೆಯುವುದು ಸುಲಭ. ಹಾಳೆಗೆ ಬೆಲೆ ಕಟ್ಟಿ ಕೊಳ್ಳುವವರಿರುವಾಗ ಅದು ಸರಿಯಲ್ಲ. ಬೆಲೆಯ ಅನುಪಾತದಲ್ಲಿ ಹಂಚಿದರೆ ಅಡಿಕೆಯೆದುರು ಹಾಳೆಗೆ ಸಣ್ಣ ಪಾಲು ಬರುತ್ತದೆ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ, ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ, ಇವುಗಳ ಒಂದು ಅಂಶವನ್ನೂ ಆ ಪಾಲಿನೊಳಗೆ ಬರೆದುಕೊಳ್ಳಬೇಕಾಗುತ್ತದೆ.