ಅಂತೋಣಿಯವರ ಪಟದಲ್ಲೊಂದು ರೊಟ್ಟಿ

ಚಿಂತಾಮಣಿ ಬಳಿಯ ಮುರುಗಮಲ್ಲ ದರ್ಗಾಕ್ಕೆ ಹಿಂದೂಗಳೂ ಹೋಗುವಂತೆ, ಮೈಸೂರು ಜಿಲ್ಲೆಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೆ ಅನ್ಯಧರ್ಮೀಯರೂ ಹರಕೆ ಹೊತ್ತು ಬರುತ್ತಾರೆ. ಹೊಲ ಉಳುತ್ತಿದ್ದ ರೈತನಿಗೆ ಅಲ್ಲಿ ಸಂತರ ವಿಗ್ರಹ ಸಿಕ್ಕಿತೆಂಬುದು ಐತಿಹ್ಯ. 2019ರಲ್ಲಿ ಆ ಚರ್ಚಿಗೆ ಬೆಸಿಲಿಕಾ ಪದವಿ ದೊರೆಯಿತು. ಈ ಸಂತರ ಅಚ್ಚಿನ ಪಟ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದರೊಳಗೆ ಒಂದು ಚರಿತ್ರೆಯೂ ಇದೆ.

1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ 1231ರಲ್ಲಿ ಇಟಲಿಯ ಪಡುವಾ ಬಳಿ ತೀರಿಕೊಂಡ ಅಂತೋಣಿ ಹೆಸರಾಂತ ಪ್ರವಚನಕಾರರು. ಹಳೆಯ ಚಿತ್ರಗಳಲ್ಲಿ ಅವರ ಕೈಯಲ್ಲಿದ್ದದ್ದು ಪುಸ್ತಕ. ಅದು ವಿದ್ವತ್ತಿನ ಗುರುತು. ಸೊಂಟದ ಹಗ್ಗದ ಮೂರು ಗಂಟುಗಳು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಪ್ರತಿಜ್ಞೆಗಳು. ಬಿಳಿ ಲಿಲ್ಲಿ ಹೂವು ನಿರ್ಮಲತೆ. ತೋಳಿನ ಮೇಲಿನ ಬಾಲಯೇಸು ಶತಮಾನಗಳ ನಂತರ ಬಂದು ಸೇರಿದ್ದು.

ಕೆಲವು ಪಟಗಳಲ್ಲಿ ಸಂತರು ಬಡವರಿಗೆ ರೊಟ್ಟಿ ಹಂಚುತ್ತಾರೆ. 1890ರಲ್ಲಿ ಫ್ರಾನ್ಸಿನ ತುಲೋನ್ ಪಟ್ಟಣದ ಅಂಗಡಿಯೊಡತಿಯೊಬ್ಬಳು, ಕೆಟ್ಟ ಬೀಗ ತೆರೆದುಕೊಂಡರೆ ಬಡವರಿಗೆ ರೊಟ್ಟಿ ಕೊಡುವೆನೆಂದು ಹರಕೆ ಹೊತ್ತಳಂತೆ. ಅಲ್ಲಿಂದ 'ಅಂತೋಣಿಯವರ ರೊಟ್ಟಿ' ಎಂಬ ದಾನ ದೇಶದೇಶಗಳ ಚರ್ಚುಗಳಿಗೆ ಹರಡಿತು.

ಪುಸ್ತಕ ಹಿಡಿದಿದ್ದ ಕೈಗೆ ಜನರು ರೊಟ್ಟಿಯನ್ನೂ ಕೊಟ್ಟರು. ಚಿತ್ರಪೂಜೆಯನ್ನು ಒಪ್ಪದವರೂ ಆ ರೊಟ್ಟಿಯ ಅರ್ಥವನ್ನು ಒಪ್ಪಬಲ್ಲರು. ಹಸಿದವನ ಧರ್ಮ ಯಾವುದೆಂದು ಪಟದಲ್ಲಿ ಬರೆದಿಲ್ಲ.