ಬಂಡೆಯನ್ನು ನಂಬಿ ಕೆಟ್ಟವರು



ಮೌಢ್ಯವೆಂದರೆ ಬುದ್ಧಿಯಿಲ್ಲದಿರುವುದು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಇರುವ ಬುದ್ಧಿಗೆ ಕೆಲಸ ಕೊಡದೆ ಮಲಗಿಸುವುದೇ ಮೌಢ್ಯ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಾಗಡಿಯ ಸಾವನದುರ್ಗವೇ ಇದೆ.

1638ರಲ್ಲಿ ಬೆಂಗಳೂರು ಕೈತಪ್ಪಿದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಯಲ್ಲಿ ನೆಲೆಸಿದರು. ಸಾವನದುರ್ಗ ಅವರಿಗೆ ಆಸರೆಯ ಕೋಟೆಯಾಯಿತು. ಬಿಳಿಗುಡ್ಡ, ಕರಿಗುಡ್ಡವೆಂಬ ಎರಡು ಶಿಖರಗಳು. ಸುತ್ತಲೂ ಬಿದಿರುಮೆಳೆಯ ದಟ್ಟ ಕಾಡು. ಆದರೂ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಅದನ್ನು ಗೆದ್ದ. ಮಾಗಡಿಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣುಮುಚ್ಚಿದ.

ಒಮ್ಮೆ ಬಿದ್ದ ಕೋಟೆ ಮತ್ತೊಮ್ಮೆ ಬೀಳಲಾರದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದವರು ಕೇಳಿಕೊಳ್ಳಲಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನವಾಲಿಸನ ಇಂಗ್ಲಿಷ್ ಸೈನ್ಯ ಬಂದು ಮುತ್ತಿತು. ಶತ್ರುಗಳು ಬಿದಿರು ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಎಳೆದು ತಂದರು. ಆಗಲೇ ತಡೆಯಬೇಕಾಗಿದ್ದ ಟಿಪ್ಪು ಸುಲ್ತಾನನ ಕಾವಲುಪಡೆ, ಬಂಡೆಯೇ ತಮ್ಮನ್ನು ಕಾಯುತ್ತದೆಂದು ನಂಬಿ ಸುಮ್ಮನಿತ್ತು. ಯಾವ ಕಾಡು ಕೋಟೆಗೆ ರಕ್ಷೆಯೆಂದಿದ್ದರೋ ಅದೇ ಕಾಡು ಹತ್ತಿ ಬರುವವರಿಗೆ ಮರೆಯಾಯಿತು. ಡಿಸೆಂಬರ್ 21ರಂದು ಲಗ್ಗೆ ನಡೆಯಿತು. ಓಡಿಹೋಗುತ್ತಿದ್ದವರ ಬೆನ್ನಿಗೇ ಶತ್ರುಗಳೂ ಒಳಬಾಗಿಲು ದಾಟಿದರು. ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಬಳಿಕ ರಾಮಗಿರಿ, ಶಿವಗಿರಿಗಳೂ ಶರಣಾದವು. ಶ್ರೀರಂಗಪಟ್ಟಣದ ದಾರಿ ತೆರೆಯಿತು. ಮರುವರ್ಷ, 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೇ ಬಿಟ್ಟುಕೊಡಬೇಕಾಯಿತು.

ಇದು ಅರಸರ ಕಥೆ, ನಮಗೇಕೆ ಎನ್ನಬೇಡಿ. ನಮ್ಮ ಮನೆಗಳಲ್ಲೂ ಒಂದೊಂದು ಸಾವನದುರ್ಗವಿದೆ. ಕನಕಪುರ, ರಾಮನಗರದ ಕಡೆ ರೇಷ್ಮೆ ಬೆಳೆಯುವವರನ್ನು ಕೇಳಿ ನೋಡಿ. ಎರಡು ಬೆಳೆ ಚೆನ್ನಾಗಿ ಬಂದವೆಂದು ಹುಳುಮನೆಯನ್ನು ಶುದ್ಧಮಾಡದೆ ಬಿಟ್ಟರೆ, ಮೂರನೆಯ ಬೆಳೆಗೆ ರೋಗ ತಗಲುತ್ತದೆ. ಹುಳು ಚಂದ್ರಿಕೆಗೆ ಏರುವ ಮೊದಲೇ ಗೂಡಿನ ಬೆಲೆಯನ್ನು ಲೆಕ್ಕ ಹಾಕಿ, ಸಾಲ ತಂದು ಅದ್ದೂರಿಯ ಮದುವೆ ಮಾಡುವವರೂ ಇದ್ದಾರೆ. ಮದುವೆ ಮೂರು ದಿನ, ಬಡ್ಡಿ ಮೂವತ್ತು ವರ್ಷ! ನಂಟನ ಮಾತೆಂದು ಓದದೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಹೊಲ ಕಳೆದುಕೊಂಡವರೂ ಇದ್ದಾರೆ. ಅಲ್ಲಿ ಬಿದಿರು ಶತ್ರುವಿಗೆ ಮರೆಯಾದಂತೆ, ಇಲ್ಲಿ ನಂಬಿಕೆಯೇ ಮೋಸಕ್ಕೆ ಮರೆಯಾಗುತ್ತದೆ.

ಹಾಗಾದರೆ ಯಾರನ್ನೂ, ಯಾವುದನ್ನೂ ನಂಬಬಾರದೆ? ನಂಬಬೇಕು. ಬಂಡೆ ಮೋಸ ಮಾಡಲಿಲ್ಲ. ಅದು ಇಂದಿಗೂ ಇದ್ದಲ್ಲಿಯೇ ಇದೆ. ಎಚ್ಚರ ತಪ್ಪಿದವರು ಮನುಷ್ಯರು. ಬಲವಿರುವ ಕಡೆಯೇ ಕಾವಲು ಹೆಚ್ಚಾಗಿರಲಿ. ಪತ್ರಕ್ಕೆ ಸಹಿ ಹಾಕುವ ಮುನ್ನ, ಸಾಲಕ್ಕೆ ಕೈಯೊಡ್ಡುವ ಮುನ್ನ ಒಂದು ಗಳಿಗೆ ನಿಂತು ಯೋಚಿಸಿರಿ. ಆ ಒಂದು ಗಳಿಗೆಯ ಎಚ್ಚರವೇ ಮನೆಯನ್ನು ಕಾಯುವ ಕೋಟೆ.