ಚಿನ್ನದ ನಾಣ್ಯದ ಮೇಲೆ ಸಾಮ್ರಾಜ್ಞಿಯರು

ತೆರಿಗೆಯ ಪ್ರಶ್ನೆ ಎದುರಾದಾಗ ಪ್ರಭು ಯೇಸು ಒಂದು ನಾಣ್ಯವನ್ನು ತರಿಸಿ, ಅದರ ಮೇಲಿನ ಮುಖಮುದ್ರೆ ಯಾರದೆಂದು ಕೇಳಿದ ಪ್ರಸಂಗ ನಮಗೆಲ್ಲ ಪರಿಚಿತ. ಅದು ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ದಿನಾರಿ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆ ನಾಣ್ಯದ ಹಿಂಬದಿಯ ಬಗ್ಗೆ ನಾವು ಯೋಚಿಸುವುದು ಕಡಿಮೆ. ಅಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ಶಾಂತಿದೇವತೆಯ ರೂಪದಲ್ಲಿರುವ ರಾಜಮಾತೆ ಲಿವಿಯಾ ಆಕೆ ಎಂಬುದು ಹಲವರ ಮತ. ಇದೇ ಚಿತ್ರ ಚಿನ್ನದ ನಾಣ್ಯಗಳ ಮೇಲೂ ಇದೆ. (ಟೈಬೀರಿಯಸನ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ದೊರೆತಿವೆ.)

ರಾಣಿಯನ್ನೂ ದೇವತೆಯನ್ನೂ ಹೀಗೆ ಬೆರೆಸುವುದು ರೋಮಿನ ವಾಡಿಕೆಯಾಗಿತ್ತು. ಆಂಟೊನೈನಸ್ ಪಯಸನ ಪತ್ನಿ ಫೌಸ್ತಿನಾ ಕ್ರಿ.ಶ. 140ರ ಸುಮಾರಿಗೆ ತೀರಿಕೊಂಡಾಗ ಆಕೆಯನ್ನೇ ದೇವತೆಯೆಂದು ಸಾರಲಾಯಿತು. ಧಾನ್ಯದೇವತೆ ಸೆರೆಸ್, ಅನಂತತೆಯ ದೇವತೆ ಎಟರ್ನಿತಾಸ್ ಮೊದಲಾದವರೊಡನೆ ಆಕೆಯ ಚಿನ್ನದ ನಾಣ್ಯಗಳು ಹೊರಬಂದವು. ರೋಮಿನಲ್ಲಿ ಆಕೆಗಾಗಿ ಕಟ್ಟಿದ ಗುಡಿಯ ಕಂಬಗಳ ಹಿಂದೆ ಇಂದು ಸಂತ ಲಾರೆನ್ಸರ ದೇವಾಲಯವಿದೆ.

ಸಂತ ಹೆಲೆನಾರನ್ನು ಶಿಲುಬೆಯಿಲ್ಲದೆ ನಾವು ಕಲ್ಪಿಸಿಕೊಳ್ಳಲಾರೆವು. ಆದರೆ ಮಗ ಕಾನ್‌ಸ್ಟಂಟೈನನು 324ರಲ್ಲಿ ಅವರಿಗೆ 'ಅಗಸ್ಟಾ' ಎಂಬ ಬಿರುದನ್ನಿತ್ತಾಗ ಹೊರಡಿಸಿದ ಚಿನ್ನದ ನಾಣ್ಯದಲ್ಲಿ ನಿಂತಿರುವವಳು ರೆಂಬೆ ಹಿಡಿದ ಸೆಕ್ಯುರಿತಾಸ್, ರಾಜ್ಯದ ಸುಭದ್ರತೆಯ ಮೂರ್ತರೂಪ. ಅರಮನೆ ಕ್ರಿಸ್ತನತ್ತ ತಿರುಗಿದರೂ ಟಂಕಸಾಲೆ ನಿಧಾನವಾಗಿಯೇ ತಿರುಗಿತು.

ಥಿಯೊಡೋಸಿಯಸನ ಪತ್ನಿ ಫ್ಲಾಕಿಲ್ಲಾಳ ಚಿನ್ನದ ನಾಣ್ಯ ನನ್ನನ್ನು ಹೆಚ್ಚು ಕಾಡುತ್ತದೆ. 383ರಲ್ಲಿ ಆಕೆಯೂ ಅಗಸ್ಟಾ ಆದಳು. ನಾಲ್ಕೂವರೆ ಗ್ರಾಂ ತೂಗುವ ಆ ಪುಟ್ಟ ಸಾಲಿಡಸ್‌ನ ಒಂದು ಮುಖದಲ್ಲಿ ರತ್ನಖಚಿತ ಶಿರೋಭೂಷಣದ ರಾಣಿ. ಇನ್ನೊಂದರಲ್ಲಿ ರೆಕ್ಕೆಗಳುಳ್ಳ ವಿಜಯದೇವತೆ ವಿಕ್ಟೋರಿಯಾ ಕುಳಿತು, ಗುರಾಣಿಯ ಮೇಲೆ ಕ್ರಿಸ್ತನಾಮದ ಮೊದಲೆರಡು ಗ್ರೀಕ್ ಅಕ್ಷರಗಳನ್ನು ಬರೆಯುತ್ತಿದ್ದಾಳೆ. ಯುದ್ಧದ ಗುರಾಣಿಯ ಮೇಲೆ, ಅನ್ಯದೇವತೆಯ ಕೈಯಿಂದ, ಶಿಲುಬೆಗೇರಿದವನ ಹೆಸರು! ಇದನ್ನು ಧರ್ಮಸಭೆಯ ಗೆಲುವೆಂದು ಕೊಂಡಾಡಲು ನನಗೆ ಮನಸ್ಸಾಗದು.

ಐದನೆಯ ಶತಮಾನದ ಧರ್ಮಾಧ್ಯಕ್ಷ ಥಿಯೊಡೊರೆಟ್ ತಮ್ಮ ಚರಿತ್ರೆಯಲ್ಲಿ ಕಾಣಿಸುವ ಫ್ಲಾಕಿಲ್ಲಾ ಬೇರೆಯೇ. ಆಕೆ ರೋಗಿಗಳ ಬಳಿಗೆ ತಾನೇ ಹೋಗಿ, ಅಡುಗೆ ಮಾಡಿ, ಗಂಜಿ ಕುಡಿಸಿ, ಪಾತ್ರೆ ತೊಳೆಯುತ್ತಿದ್ದಳು. ಹಿಂದೆ ಏನಾಗಿದ್ದೆ, ಈಗ ಏನಾಗಿದ್ದೀ ಎಂಬುದನ್ನು ಮರೆಯಬೇಡವೆಂದು ಚಕ್ರವರ್ತಿಗೇ ನೆನಪಿಸುತ್ತಿದ್ದಳಂತೆ. ಆ ಪಾತ್ರೆ ತೊಳೆದ ಕೈಗಳನ್ನು ಯಾವ ಅಕ್ಕಸಾಲಿಗನೂ ಚಿನ್ನದಲ್ಲಿ ಕೆತ್ತಲಿಲ್ಲ.

ಆಕೆಯ ಮೊಮ್ಮಗಳೇ ಸಂತ ಪುಲ್ಕೇರಿಯಾ. ಕನ್ಯಾವ್ರತ ಕೈಗೊಂಡವರು, 451ರ ಕ್ಯಾಲ್ಸಿಡನ್ ಮಹಾಸಭೆಗೆ ಬೆಂಬಲವಾಗಿ ನಿಂತವರು. ಅವರ ಸಾಲಿಡಸ್‌ನಲ್ಲಿ ಮೇಲಿನಿಂದ ದೇವರ ಹಸ್ತವೊಂದು ಕಿರೀಟವಿಡುತ್ತಿದೆ. ಹಿಂಬದಿಯಲ್ಲಿ ಅದೇ ವಿಕ್ಟೋರಿಯಾ. ಆದರೆ ಈಗ ಗುರಾಣಿಯಿಲ್ಲ, ಕೈಯಲ್ಲಿ ಎತ್ತರದ ಶಿಲುಬೆ. ಆರನೆಯ ಶತಮಾನದಲ್ಲಿ, ಒಂದನೆಯ ಜಸ್ಟಿನನ ಕಾಲಕ್ಕೆ, ಅವಳ ಜಾಗದಲ್ಲಿ ದೇವದೂತನೊಬ್ಬ ಬಂದು ನಿಂತ. ರೆಕ್ಕೆಗಳು ಮಾತ್ರ ಹಾಗೆಯೇ ಉಳಿದವು.